ಬೆರಳಿಗೆ ಗಂಟೆ ಹೇಳಿದ ಗಡಿಯಾರ

ಹಳೆಯ ಜೇಬುಗಡಿಯಾರಗಳ ಹುಚ್ಚು ಹತ್ತಿದವರಲ್ಲಿ ಒಂದು ನಂಬಿಕೆ ಬೇರೂರಿದೆ: ಒಳಗೆ ಎಷ್ಟು ಹೆಚ್ಚು ಚಕ್ರಗಳೋ ಗಡಿಯಾರ ಅಷ್ಟು ದೊಡ್ಡದು. ಪ್ಯಾರಿಸ್ಸಿನ ಗಡಿಯಾರ ತಯಾರಕ ಅಬ್ರಹಾಂ-ಲೂಯಿ ಬ್ರೆಗೆಯ ಹೆಸರು ಬಂದರೂ ಮಾತು ಹೋಗುವುದು ಚಕ್ರಗಳು ಕಿಕ್ಕಿರಿದ 160ನೇ ನಂಬರಿನ ಗಡಿಯಾರಕ್ಕೇ. ಫ್ರಾನ್ಸಿನ ರಾಣಿ ಮರಿ ಆಂಟ್ವಾನೆಟ್‌ಗಾಗಿ 1783ರಲ್ಲಿ ಹೇಳಿಮಾಡಿಸಲು ಹೊರಟದ್ದು ಅದು. ಮುಗಿದದ್ದು 1827ರಲ್ಲಿ. ಅಷ್ಟರಲ್ಲಿ ರಾಣಿಯೂ ಇರಲಿಲ್ಲ, ಬ್ರೆಗೆಯೂ ಇರಲಿಲ್ಲ. ಆ ಗಡಿಯಾರದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬ್ರೆಗೆಯ ಬುದ್ಧಿ ನಿಚ್ಚಳವಾಗಿ ಕಾಣುವುದು 1799ರ ಸುಮಾರಿಗೆ ಅವನು ಹೊರತಂದ ಇನ್ನೊಂದರಲ್ಲಿ, ಕಣ್ಣಿಗಾಗಲಿ ಕಿವಿಗಾಗಲಿ ಕೆಲಸ ಕೊಡದೆ ಬೆರಳಿಗೆ ಗಂಟೆ ಹೇಳುವ ಸ್ಪರ್ಶ ಗಡಿಯಾರದಲ್ಲಿ.

ಅದು ಮುಚ್ಚಳವಿರುವ ದುಂಡನೆಯ ಚಿನ್ನದ ಡಬ್ಬಿ. ಮುಚ್ಚಳದ ಮೇಲೆ ಉಬ್ಬಿ ನಿಂತ ಒಂದು ಬಾಣ. ಅಂಚಿನ ಸುತ್ತ ಗಂಟೆಗೊಂದರಂತೆ ಹನ್ನೆರಡು ಗುಬುಟುಗಳು. ಸರಪಳಿ ಸಿಕ್ಕಿಸುವ ಬಳೆಯ ಕಡೆಯದು ಹನ್ನೆರಡು ಗಂಟೆಯದು. ಜೇಬಿನೊಳಗೆ ಕೈಯಿಟ್ಟು ಬಾಣವನ್ನು ಬಲಕ್ಕೆ ತಿರುಗಿಸುತ್ತ ಹೋಗಬೇಕು. ಒಂದು ಜಾಗಕ್ಕೆ ಬಂದಾಗ ಅದು ತಡೆದು ನಿಲ್ಲುತ್ತದೆ. ಬಾಣದ ತುದಿ ಯಾವ ಗುಬುಟಿನ ಹತ್ತಿರವಿದೆ, ಬಳೆಯಿಂದ ಅದು ಎಷ್ಟನೆಯದು ಎಂದು ಬೆರಳಲ್ಲೇ ಎಣಿಸಿದರೆ ಗಂಟೆ ಎಷ್ಟಾಯಿತೆಂದು ಗೊತ್ತಾಯಿತು. ಕಣ್ಣಿಂದ ನೋಡುವ ಮನಸ್ಸಾದರೆ ಒಳಗೆ ಮಾಮೂಲಿನಂತೆ ಡಯಲ್ಲೂ ಇದೆ.

ಇದರಲ್ಲಿ ಜಾಣತನವೆಲ್ಲ ಆ ತಡೆಯಲ್ಲಿದೆ. ಬಾಣವನ್ನು ಗಡಿಯಾರ ಹೊತ್ತು ತಿರುಗಿಸುವುದಿಲ್ಲ. ಗಂಟೆಮುಳ್ಳಿನ ವೇಗದಲ್ಲಿ ಒಳಗೆ ತಿರುಗುತ್ತಿರುವುದು ತಡೆ ಮಾತ್ರ. ಬಾಣ ಹೋಗಿ ಅದಕ್ಕೆ ತಾಗುತ್ತದೆ. ತಿರುಗಿಸುವ ಶ್ರಮವೆಲ್ಲ ಕೇಳುವವನ ಬೆರಳಿನದು. ಬಾಣವನ್ನು ನೇರವಾಗಿ ಚಕ್ರಕ್ಕೇ ಜೋಡಿಸಿಬಿಟ್ಟಿದ್ದರೆ ಜೇಬಿನ ಬಟ್ಟೆ ಉಜ್ಜಿದಾಗಲೆಲ್ಲ ಗಡಿಯಾರ ಎಳೆದಾಡಿಹೋಗುತ್ತಿತ್ತು, ಸ್ಪ್ರಿಂಗಿನ ಶಕ್ತಿಯೂ ದಂಡವಾಗುತ್ತಿತ್ತು.

ಇದರ ಬೆಲೆ ಅರ್ಥವಾಗಬೇಕಾದರೆ ಪಕ್ಕದಲ್ಲಿ ರಿಪೀಟರ್ ಗಡಿಯಾರವನ್ನಿಟ್ಟು ನೋಡಬೇಕು. ಕಡ್ಡಿಪೆಟ್ಟಿಗೆ ಮಾರಾಟಕ್ಕೆ ಬಂದದ್ದೇ 1827ರಲ್ಲಿ. ಅದಕ್ಕೂ ಮೊದಲು ನಡುರಾತ್ರಿ ಗಂಟೆ ನೋಡಬೇಕೆಂದರೆ ಚಕಮಕಿ ಕಲ್ಲು ಕುಟ್ಟಿ ದೀಪ ಹಚ್ಚಬೇಕು. ಗುಂಡಿ ಒತ್ತಿದರೆ ಆದ ಗಂಟೆಗಳನ್ನೂ ಕಾಲುಗಂಟೆಗಳನ್ನೂ ಬಾರಿಸಿ ಹೇಳುವ ಗಡಿಯಾರ ಹುಟ್ಟಿದ್ದು ಈ ತಾಪತ್ರಯಕ್ಕಾಗಿ. ಇಂಗ್ಲೆಂಡಿನಲ್ಲಿ ಅದರ ಹಕ್ಕಿಗಾಗಿ ಎಡ್ವರ್ಡ್ ಬಾರ್ಲೊ ಮತ್ತು ಡೇನಿಯಲ್ ಕ್ವೇರ್ ನಡುವೆ ಜಗಳವಾಗಿ, 1687ರಲ್ಲಿ ಎರಡೂ ಗಡಿಯಾರಗಳನ್ನು ದೊರೆ ಎರಡನೇ ಜೇಮ್ಸನೇ ಪರೀಕ್ಷಿಸಿ ಕ್ವೇರ್ ಕಡೆಗೆ ತೀರ್ಪು ಕೊಟ್ಟ. ಬಾರ್ಲೊನದಕ್ಕೆ ಗಂಟೆಗೊಂದು ಕಾಲುಗಂಟೆಗೊಂದು ಎಂದು ಎರಡು ಗುಂಡಿಗಳಿದ್ದವು, ಕ್ವೇರ್‌ನದಕ್ಕೆ ಒಂದೇ ಸಾಕಿತ್ತು. ನನ್ನನ್ನು ಕೇಳಿದ್ದರೂ ಅದೇ ತೀರ್ಪು.

ರಿಪೀಟರ್‌ಗೆ ಸುತ್ತಿಗೆ ಬೇಕು, ಬೇರೆ ಸ್ಪ್ರಿಂಗ್ ಬೇಕು, ಒಂದರ ಮೇಲೊಂದು ಸನ್ನೆಗಳು ಬೇಕು. ಬೆಲೆ ಏರುತ್ತದೆ, ಕೆಡುವ ಜಾಗಗಳೂ ಹೆಚ್ಚುತ್ತವೆ. ಮೇಲಾಗಿ ಅದು ಸದ್ದು ಮಾಡುತ್ತದೆ. ಸದ್ದಡಗಿಸಿ ಡಬ್ಬಿಯ ಗೋಡೆಗೇ ಬಡಿಯುವಂಥವೂ ಇದ್ದವೆನ್ನಿ, ಆದರೆ ಒಳಗಿನ ಗೋಜಲು ಕಡಿಮೆಯಾಗಲಿಲ್ಲ. 1783ರಲ್ಲಿ ಬಟ್ಟಲು ಗಂಟೆಯ ಬದಲು ಉಕ್ಕಿನ ತಂತಿ ಸುತ್ತಿ ರಿಪೀಟರನ್ನು ತೆಳ್ಳಗೆ ಮಾಡಿದವನೂ ಬ್ರೆಗೆಯೇ. ಆ ವಿದ್ಯೆಯಲ್ಲಿ ಪಳಗಿದ ಕೈಯೇ ಸುತ್ತಿಗೆ, ಸನ್ನೆ ಎಲ್ಲವನ್ನೂ ತೆಗೆದುಹಾಕಿ ಅದೇ ಪ್ರಶ್ನೆಗೆ ಒಂದು ಬಾಣ, ಒಂದು ತಡೆಯಲ್ಲಿ ಉತ್ತರ ಕೊಟ್ಟಿದೆ. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಪ್ಯಾರಿಸ್ ಬಿಟ್ಟು ಓಡಿ 1795ರಲ್ಲಿ ಮರಳಿದವನು ಅವನು. ಹಳೆಯ ಗಿರಾಕಿಗಳು ಚದುರಿಹೋಗಿದ್ದರು. ಮುಂಗಡ ಕೊಟ್ಟು ಬರೆಸಿಕೊಳ್ಳುವ, ಒಂದೇ ಮುಳ್ಳಿನ ಸರಳ ಗಡಿಯಾರವೂ ಅದೇ ದಿನಗಳ ಕೂಸು. ಕಡಿಮೆ ಬಿಡಿಭಾಗಗಳಲ್ಲಿ ಕೆಲಸ ಮುಗಿಸುವ ಹಟ ಎರಡರಲ್ಲೂ ಕಾಣುತ್ತದೆ.

ಇನ್ನು ದೋಷಗಳು. ಎರಡು ಗುಬುಟುಗಳ ನಡುವೆ ಒಂದು ತಾಸು ಕೂತಿದೆ. ಆ ಅಂತರದಲ್ಲಿ ಬಾಣ ಎಲ್ಲಿದೆಯೆಂದು ಬೆರಳು ಅಂದಾಜು ಮಾಡಬೇಕು. ಕಾಲುಗಂಟೆ, ಅರ್ಧಗಂಟೆ ಸುಲಭ, ಮಿಕ್ಕಿದ್ದಕ್ಕೆ ಪಳಗಿದ ಬೆರಳೇ ಆಗಬೇಕು. ಗಾಡಿ ಹಿಡಿಯುವ ಅವಸರದವನಿಗೆ ಇದು ಹೇಳಿದ್ದಲ್ಲ. ಇನ್ನೊಂದು ವಿಚಿತ್ರ: ತಿರುಗಿಸದೆ ಬರೀ ಮುಚ್ಚಳ ನೋಡಿದರೆ ಬಾಣ ತೋರಿಸುವುದು ಹಿಂದಿನ ಸಲ ಕೇಳಿದಾಗಿನ ಗಂಟೆಯನ್ನು. ಇದನ್ನು ನಾನು ದೊಡ್ಡ ಕೊರತೆಯೆಂದು ಎಣಿಸುವುದಿಲ್ಲ, ಕೇಳಿದರೆ ಮಾತ್ರ ಹೇಳುವುದು ಅದರ ಕರಾರು.

ನನ್ನ ತಕರಾರು ಇರುವುದು ಇದಕ್ಕೆ ಅಂಟಿಸಿರುವ ಕತೆಯ ಬಗ್ಗೆ. ಕಣ್ಣಿಲ್ಲದವರಿಗಾಗಿ ಮಾಡಿದ ಗಡಿಯಾರ ಎಂದು ಇದನ್ನು ವರ್ಣಿಸುವುದುಂಟು. ಅದಕ್ಕಿಂತ ಇದು ಸಲ್ಲುತ್ತಿದ್ದದ್ದು ಸಿರಿವಂತರ ಬೈಠಕ್ಕಿಗೆ. ನಾಲ್ಕು ಜನರ ನಡುವೆ ಗಡಿಯಾರ ತೆಗೆದು ನೋಡಿದರೆ ‘ಬೇಜಾರಾಗಿದೆ, ಎದ್ದು ಹೋಗುತ್ತೇನೆ’ ಎಂದು ಬಾಯಿಬಿಟ್ಟು ಹೇಳಿದಂತೆ; ಜೇಬಿನೊಳಗೆ ಬೆರಳಾಡಿಸಿದರೆ ಯಾರಿಗೂ ತಿಳಿಯದು. 1800ರ ಫೆಬ್ರವರಿಯಲ್ಲಿ ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ಕೊಂಡ 611ನೇ ನಂಬರಿನದನ್ನೇ ನೋಡಿ: ನೀಲಿ ಎನಾಮಲ್, ವಜ್ರದ ಬಾಣ, ಗುಬುಟುಗಳ ಜಾಗದಲ್ಲೂ ಹನ್ನೆರಡು ವಜ್ರ. ಯಾರೂ ನೋಡಬಾರದೆಂದು ಮಾಡಿದ ಯಂತ್ರಕ್ಕೆ ಎಲ್ಲರೂ ನೋಡಲೆಂದು ಒಡವೆ ಹೊದಿಸಿದ್ದಾರೆ. ಅಲಂಕಾರ ಚೆಂದವೇ, ಆದರೆ ಆ ಗಡಿಯಾರದ ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. 2007ರಲ್ಲಿ ಜಿನೀವಾದ ಹರಾಜಿನಲ್ಲಿ ಬ್ರೆಗೆ ಕಂಪನಿಯೇ ಅದನ್ನು ಮರಳಿ ಕೊಂಡಿತು.

ಕಣ್ಣಿಲ್ಲದವರ ಕೈಗೆ ನಿಜವಾಗಿ ತಲುಪಿದ್ದು ಬೇರೆ ಜಾತಿಯ ಗಡಿಯಾರ. ನಮ್ಮ ಬೆಂಗಳೂರಿನ ಎಚ್‌ಎಂಟಿ ಮಾಡಿದ ಬ್ರೈಲ್ ವಾಚು ಹಿಡಿದವರಿಗೆ ಗೊತ್ತು: ಗಾಜು ಮುಚ್ಚಳದಂತೆ ತೆರೆದುಕೊಳ್ಳುತ್ತದೆ, ಡಯಲ್ಲಿನ ಮೇಲೆ ಉಬ್ಬು ಚುಕ್ಕೆಗಳಿವೆ, ಬೆರಳು ನೇರವಾಗಿ ಮುಳ್ಳುಗಳನ್ನೇ ಮುಟ್ಟುತ್ತದೆ. ಯಂತ್ರದ ದೃಷ್ಟಿಯಿಂದ ಇದು ಬ್ರೆಗೆಯದಕ್ಕಿಂತ ಒರಟು ಉಪಾಯ. ಒತ್ತಿ ಮುಟ್ಟಿದರೆ ಮುಳ್ಳು ಸರಿಯುವ ಭಯ, ತೆರೆದಾಗ ಧೂಳು ಒಳಹೋಗುವ ಭಯ. 2013ರಲ್ಲಿ ಬಂದ ‘ಬ್ರಾಡ್ಲಿ’ ಕೈಗಡಿಯಾರ ಆ ಭಯವನ್ನು ಅಯಸ್ಕಾಂತದಿಂದ ಕಳೆಯಿತು. ಅಲ್ಲಿ ಬೆರಳು ಮುಟ್ಟುವುದು ಎರಡು ಪುಟ್ಟ ಗೋಲಿಗಳನ್ನು. ತಳ್ಳಿದರೂ ಒಳಗಿನ ಯಂತ್ರಕ್ಕೆ ಪೆಟ್ಟಿಲ್ಲ. ಬೆರಳಿಗೂ ಯಂತ್ರಕ್ಕೂ ನಡುವೆ ಅಂತರವಿಡಬೇಕು ಎಂಬ ಬ್ರೆಗೆಯ ವಿಚಾರವೇ ಇಲ್ಲಿ ಬೇರೆ ರೂಪದಲ್ಲಿ ಬಂದಿದೆ.

ಆದ್ದರಿಂದ ನನ್ನ ಲೆಕ್ಕದಲ್ಲಿ, ಉಪಾಯಕ್ಕೆ ಅಂಕ ಕೊಡುವುದಾದರೆ ಬ್ರೆಗೆಯ ಸ್ಪರ್ಶ ಗಡಿಯಾರಕ್ಕೆ ಮೊದಲ ಸ್ಥಾನ, 160ನೇ ನಂಬರಿನದನ್ನೂ ಹಿಂದಿಕ್ಕಿ. ಉಪಯೋಗಕ್ಕೆ ಕೊಡುವುದಾದರೆ ಎಚ್‌ಎಂಟಿಗೇ: ಅದು ನಿಮಿಷವನ್ನೂ ಹೇಳುತ್ತದೆ, ಅದನ್ನು ಕಟ್ಟಿಕೊಳ್ಳಲು ಸಾಮ್ರಾಟನ ಹೆಂಡತಿಯಾಗಬೇಕಿಲ್ಲ.