ಯಲಬುರ್ಗಾದ ‘ಫ್ರೀ’, ನಿಘಂಟಿನ ‘ಉಚಿತ’

ಇಂಗ್ಲಿಷ್–ಕನ್ನಡ ನಿಘಂಟುಗಳು ‘ಫ್ರೀ’ಗೆ ಅರ್ಥಗಳನ್ನು ಪೇರಿಸುತ್ತವೆಯೇ ಹೊರತು ಯಾವುದು ಎಲ್ಲಿ ಸಲ್ಲುತ್ತದೆಂದು ತಿಳಿಸುವುದು ಕಡಿಮೆ. ಯಲಬುರ್ಗಾದ ಆಡುಮಾತಿನಲ್ಲಿ ಅದನ್ನು ನಿರ್ಣಯಿಸುವುದು ಪದದ ಸ್ಥಾನ ಹಾಗೂ ಕರ್ತೃ. ‘ಫ್ರೀ ಬಸ್’ ಎಂದರೆ ದುಡ್ಡು ಕೊಡಬೇಕಿಲ್ಲದ್ದು. ‘ನಾ ಫ್ರೀ ಅದೀನಿ’ ಎಂದರೆ ಬಿಡುವು. ‘ನಟ್ಟು ಫ್ರೀ ಆತು’ ಎಂದರೆ ಸಡಿಲ. (‘ಫ್ರೀ ಟೈಮ್’ ಇಡಿಯಾಗಿ ಬಂದ ಸಮಾಸ, ಅದನ್ನು ಅಪವಾದವೆನ್ನಲಾರೆ.) ತೊಡಕಿರುವುದು ‘ಬಸ್ ಫ್ರೀ ಐತಿ’ ಎಂಬಲ್ಲಿ: 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಂದಿನಿಂದ, ಸೀಟು ಖಾಲಿಯೋ ಟಿಕೆಟಿಗೆ ದುಡ್ಡು ಬೇಡವೋ ಎಂಬುದನ್ನು ಸಂದರ್ಭವೇ ಹೇಳಬೇಕು.

‘ಉಚಿತ’ ಇಲ್ಲಿ ಒದಗದು. ‘ಸಮಯೋಚಿತ’ದಲ್ಲಿ ಅದಿನ್ನೂ ‘ತಕ್ಕದ್ದು’. ‘ಪುಕ್ಕಟೆ’ ಅರ್ಥಕ್ಕೆ ಹತ್ತಿರವಾದರೂ ಅದರಲ್ಲಿ ಹಂಗಿಸುವ ದನಿಯಿದೆ. ಪಯಣಿಸುವ ಹೆಣ್ಣುಮಗಳು ‘ಫ್ರೀ’ ಎನ್ನುವುದನ್ನು ಕನ್ನಡದ ಬಡತನವೆಂದು ಎಣಿಸುವ ವಿಮರ್ಶಕರು ಈ ದನಿಯನ್ನು ಕೇಳಿಸಿಕೊಂಡಿಲ್ಲ.