ಷಟ್ಪದಿಯ ಓದು: ಅಚ್ಚಿನ ಪುಟ ಮತ್ತು ಇ-ರೀಡರ್

ಮುದ್ರಿತ ಗ್ರಂಥವನ್ನು ಮೆಚ್ಚುವವರು ಸಾಮಾನ್ಯವಾಗಿ ಕಾಗದದ ವಾಸನೆ, ಹಾಳೆಯ ಸ್ಪರ್ಶ, ಕಪಾಟಿನ ಚೆಲುವು ಮೊದಲಾದವನ್ನು ಕಾರಣವಾಗಿ ಹೇಳುವುದುಂಟು. ಇವು ಅಭಿರುಚಿಯ ಮಾತುಗಳು. ಒಬ್ಬನಿಗೆ ಹಿತವೆನಿಸಿದುದು ಮತ್ತೊಬ್ಬನಿಗೂ ಹಿತವಾಗಬೇಕೆಂಬ ನಿಯಮವಿಲ್ಲ. ಆದರೆ ಕನ್ನಡದ ಹಳೆಯ ಪದ್ಯಕಾವ್ಯಗಳ ಮಟ್ಟಿಗೆ ಈ ಒಲವಿಗೆ ಅಭಿರುಚಿಗಿಂತ ಗಟ್ಟಿಯಾದ ಆಧಾರವೊಂದಿದೆ. ಅದು ಛಂದಸ್ಸಿಗೆ ಸಂಬಂಧಿಸಿದುದು.

ಷಟ್ಪದಿಗೆ ಆರು ಪಾದಗಳು. ಒಂದು, ಎರಡು, ನಾಲ್ಕು, ಐದನೆಯ ಪಾದಗಳು ಪರಸ್ಪರ ಸಮ. ಮೂರನೆಯದೂ ಆರನೆಯದೂ ದೀರ್ಘ. ಕುಮಾರವ್ಯಾಸನ ಭಾಮಿನಿಯಲ್ಲಿ ಚಿಕ್ಕ ಪಾದಕ್ಕೆ 14 ಮಾತ್ರೆ, ದೊಡ್ಡ ಪಾದಕ್ಕೆ 23. ಲಕ್ಷ್ಮೀಶನ ವಾರ್ಧಕದಲ್ಲಿ 20 ಮತ್ತು 32. ಆರು ಪಾದಗಳ ಎರಡನೆಯ ಅಕ್ಷರದಲ್ಲಿಯೂ ಆದಿಪ್ರಾಸವಿರುತ್ತದೆ. ಪದ್ಯವು ಎರಡು ಸಲ ಚಿಕ್ಕ ಹೆಜ್ಜೆಯಿಟ್ಟು, ಮೂರನೆಯ ಸಲ ನೀಳವಾಗಿ ಸಾಗಿ ಗುರುವಿನಲ್ಲಿ ನಿಲ್ಲುತ್ತದೆ. ಈ ನಡೆಯೇ ಷಟ್ಪದಿಯ ಜೀವ.

ಓಲೆಗರಿಯ ಕಾಲದಲ್ಲಿ ಈ ನಡೆ ಕಣ್ಣಿಗೆ ಕಾಣುತ್ತಿರಲಿಲ್ಲ. ಲಿಪಿಕಾರರು ಪದ್ಯಗಳನ್ನು ಗದ್ಯದಂತೆ ಗರಿಯ ಉದ್ದಕ್ಕೂ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದರು. ಪಾದವನ್ನು ಬಿಡಿಸಿಕೊಳ್ಳುವ ಹೊಣೆ ಓದುವವನ ಕಿವಿಯದಾಗಿತ್ತು. ಪಾದಗಳನ್ನು ಒಂದರ ಕೆಳಗೊಂದು ಇರಿಸುವ ಪದ್ಧತಿ ನೆಲೆಗೊಂಡುದು ಅಚ್ಚಿನ ಪುಟದಲ್ಲಿ. ಪ್ರಾಸಾಕ್ಷರಗಳು ಅಲ್ಲಿ ಕಂಬಸಾಲಿನಂತೆ ನಿಂತವು. ಕಿವಿ ಬಲ್ಲುದನ್ನು ಕಣ್ಣೂ ಬಲ್ಲಂತಾಯಿತು.

2007ರಲ್ಲಿ ಬಂದ ಮೊದಲ ಕಿಂಡಲ್ಲಿನ ತೆರೆ 6 ಅಂಗುಲದ್ದು. ಇಂಥ ಇ-ರೀಡರಿನಲ್ಲಿ ಓದುಗನು ಅಕ್ಷರವನ್ನು ಹಿಗ್ಗಿಸಿದಂತೆಲ್ಲ ಸಾಲುಗಳು ಮುರಿದು ಹೊಸದಾಗಿ ಜೋಡಣೆಗೊಳ್ಳುತ್ತವೆ. ಗದ್ಯಕ್ಕೆ ಇದರಿಂದ ಹಾನಿಯಿಲ್ಲ. ದೃಷ್ಟಿ ಮಂದವಾದವರಿಗೆ ಇದು ಮಹೋಪಕಾರವೇ ಸರಿ. ಷಟ್ಪದಿಯ ಗತಿ ಬೇರೆ. ಮೂರನೆಯ ಮತ್ತು ಆರನೆಯ ಪಾದಗಳು ತೆರೆಯ ಅಗಲವನ್ನು ಮೀರಿ ತುಂಡಾಗುತ್ತವೆ. ತುಂಡುಗಳು ತಾವೂ ಪಾದಗಳೆಂಬಂತೆ ಕೆಳಗೆ ನಿಲ್ಲುತ್ತವೆ. ಆರು ಸಾಲು ಎಂಟಾಗುತ್ತದೆ, ಪ್ರಾಸವಿಲ್ಲದ ಸಾಲುಗಳು ನಡುವೆ ನುಸುಳುತ್ತವೆ. ಹೊಸ ಯಂತ್ರವು ಪದ್ಯವನ್ನು ಮತ್ತೆ ಓಲೆಗರಿಯ ಸ್ಥಿತಿಗೆ ಒಯ್ಯುತ್ತದೆ. ಆದರೆ ಅಂದಿನ ವಾಚಕನ ಕಿವಿಯನ್ನು ಮರಳಿ ಕೊಡಲಾರದು.

ಈ ಕಿವಿಯ ಮಾತು ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಗಮಕವಾಚನವನ್ನು ಕೇಳಿ ಬೆಳೆದವನು ಸಾಲು ಎಲ್ಲಿ ಮುರಿದರೂ ಪಾದವನ್ನು ತಪ್ಪಲಾರನು. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಬೆಳೆಯುವ ಕನ್ನಡದ ಮಕ್ಕಳಿಗೆ ಅಂಥ ಅವಕಾಶ ವಿರಳ. ಅವರಲ್ಲಿ ಅನೇಕರಿಗೆ ಷಟ್ಪದಿಯ ಮೊದಲ ಪರಿಚಯ ಪುಟದಿಂದಲೇ ಆಗಬೇಕು. ಆ ಪುಟವೇ ಪಾದವನ್ನು ಮರೆಸಿದರೆ ಕುಮಾರವ್ಯಾಸನು ಅವರಿಗೆ ಕಠಿಣವಾದ ಗದ್ಯಕಾರನಾಗಿ ತೋರಿಯಾನು.

ಪುಟದ ಯಥಾವತ್ ಪ್ರತಿಯಾದ ಪಿಡಿಎಫ್ ಈ ದೋಷವನ್ನು ನೀಗುತ್ತದೆಂಬ ಮಾತಿನಲ್ಲಿ ಸತ್ಯವಿದೆ. ಅಗಲವಾದ ತೆರೆಯಲ್ಲಿ ಅದು ಸಮರ್ಪಕವೇ. ಚಿಕ್ಕ ತೆರೆಯಲ್ಲಾದರೋ ಅಕ್ಷರ ಕಿರಿದಾಗುತ್ತದೆ. ಹಿಗ್ಗಿಸಿದರೆ ಪುಟವನ್ನು ಅತ್ತಿತ್ತ ಸರಿಸುತ್ತ ಓದಬೇಕಾಗುತ್ತದೆ. ಮುರಿದ ಭಾಗವನ್ನು ಒಳಕ್ಕೆ ಸರಿಸಿ, ಅದು ಹಿಂದಿನ ಪಾದದ್ದೇ ಎಂದು ತೋರಿಸುವ ಉಪಾಯವೂ ಉಂಟು. ಅದಕ್ಕೆ ಛಂದಸ್ಸನ್ನು ಬಲ್ಲ ಸಂಪಾದಕರ ಎಚ್ಚರ ಅವಶ್ಯ.

ಅಪೂರ್ವ ಗ್ರಂಥವನ್ನು ದೂರದ ನಗರಕ್ಕೆ ತಲುಪಿಸುವುದರಲ್ಲಿ, ಬೇಕಾದ ಶಬ್ದವನ್ನು ಕ್ಷಣದಲ್ಲಿ ಹುಡುಕಿಕೊಡುವುದರಲ್ಲಿ ಇ-ಪುಸ್ತಕಕ್ಕೆ ಸಾಟಿಯಿಲ್ಲ. ಆದುದರಿಂದ ವಿವೇಕವಿರುವುದು ತ್ಯಾಗದಲ್ಲಲ್ಲ, ವಿಭಾಗದಲ್ಲಿ. ಸ್ಥಳಾಭಾವದಿಂದ ಗ್ರಂಥಾಲಯದ ಕಪಾಟುಗಳನ್ನು ಬರಿದುಮಾಡಬೇಕಾದ ಸಂಘಗಳು ಕಾದಂಬರಿಗಳನ್ನು ಯಂತ್ರಕ್ಕೆ ಒಪ್ಪಿಸಿದರೆ ಹೆಚ್ಚಿನ ನಷ್ಟವಿಲ್ಲ. ಭಾರತವನ್ನೂ ಜೈಮಿನಿಯನ್ನೂ ಅಚ್ಚಿನಲ್ಲಿಯೇ ಉಳಿಸಿಕೊಳ್ಳುವುದು ಲೇಸು.