ಮುಖ ಗೊತ್ತು, ಕಷ್ಟ ಗೊತ್ತಿಲ್ಲ

ಚಪ್ಪಟೆ ನೆತ್ತಿ, ಇಳಿಬಿದ್ದ ರೆಪ್ಪೆ, ಕುತ್ತಿಗೆಯ ಎರಡೂ ಬದಿಗೆ ಮೊಳೆಯಂಥ ಕಬ್ಬಿಣ, ಭಾರದ ಬೂಟು. ಈ ಚಿತ್ರ ತೋರಿಸಿ ಯಾರೆಂದು ಕೇಳಿದರೆ ನಮ್ಮ ಮನೆಯ ಮಕ್ಕಳೂ ‘ಫ್ರಾಂಕನ್‌ಸ್ಟೈನ್’ ಅನ್ನುತ್ತವೆ. ಸಿನಿಮಾ ನೋಡಿದ್ದೀರಾ ಎಂದರೆ ಇಲ್ಲ. ದಿನಾ ಬೀದಿಯಲ್ಲಿ ಕಾಣುವವರ ಹಾಗೆ ಅವನು. ಮುಖ ಗೊತ್ತು, ಕಷ್ಟ ಸುಖ ಗೊತ್ತಿಲ್ಲ.

ಆ ಹೆಸರೂ ಅವನದಲ್ಲ, ಅವನನ್ನು ಮಾಡಿದವನದು. ಜೇಮ್ಸ್ ವೇಲ್ ನಿರ್ದೇಶಿಸಿದ 1931ರ ಚಿತ್ರದ ಆರಂಭದ ಪಾತ್ರಪಟ್ಟಿಯಲ್ಲಿ ಈ ರಾಕ್ಷಸನ ಎದುರು ನಟನ ಹೆಸರಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ. ಬೋರಿಸ್ ಕಾರ್ಲಾಫ್‌ನ ಹೆಸರು ಕೊನೆಗೆ ಬರುತ್ತದೆ. ಮೂಲ ಕಥೆ ಯಾರದು? ‘ಶ್ರೀಮತಿ ಪರ್ಸಿ ಬಿ. ಶೆಲ್ಲಿ’ ಎಂದಿದೆ. ಮೇರಿ ಎಂಬ ಹೆಸರು ಗಂಡನ ಹೆಸರಿನೊಳಗೆ ಅಡಗಿಹೋಗಿದೆ. ಮದುವೆ ಕರೆಯೋಲೆಗಳನ್ನು ಓದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇರಿ ಈ ಕಥೆ ಶುರುಮಾಡಿದ್ದು 1816ರಲ್ಲಿ, ಹದಿನೆಂಟರ ಪ್ರಾಯದಲ್ಲಿ. ಅವಳನ್ನು ಹೆತ್ತ ಕೆಲವೇ ದಿನಕ್ಕೆ ತಾಯಿ ತೀರಿಕೊಂಡಿದ್ದಳು. 1815ರಲ್ಲಿ ತಿಂಗಳು ತುಂಬದೆ ಹುಟ್ಟಿದ ಅವಳ ಮೊದಲ ಕೂಸೂ ಉಳಿಯಲಿಲ್ಲ. 1818ರಲ್ಲಿ ಪುಸ್ತಕ ಹೊರಬಂದಾಗ ಅದರ ಮೇಲೆ ಅವಳ ಹೆಸರಿರಲಿಲ್ಲ. ಅದರಲ್ಲಿ ವಿಕ್ಟರ್ ಫ್ರಾಂಕನ್‌ಸ್ಟೈನ್ ಜೀವ ಕೊಡುತ್ತಾನೆ. ಅದು ಕಣ್ಣು ಬಿಟ್ಟೊಡನೆ ಹೆದರಿ ಓಡುತ್ತಾನೆ. ಬಿಟ್ಟುಹೋದ ಆ ಜೀವ ಒಂದು ಗುಡಿಸಲಿನ ಗೋಡೆಯ ಬಿರುಕಿನಿಂದ ಒಳಗಿನ ಸಂಸಾರವನ್ನು ನೋಡುತ್ತಾ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ. ಎಲ್ಲರೂ ಹೊಡೆದು ಅಟ್ಟಿದ ಮೇಲೆಯೇ ಅದು ಕ್ರೂರವಾಗುವುದು.

ಸಿನಿಮಾ ಅವನ ಮಾತನ್ನು ಕಿತ್ತುಕೊಂಡಿತು. ಅದಾದರೂ ಹೋಗಲಿ, ಕಾರ್ಲಾಫ್ ಕೈಗಳಲ್ಲೇ ಮಾತಾಡುತ್ತಾನೆ. ಮೊದಲ ಬಾರಿ ಬೆಳಕು ಕಂಡಾಗ ಅದನ್ನು ಹಿಡಿಯಲು ಚಾಚುವ ಆ ಕೈಗಳು ಎಳೆಗೂಸಿನವು. ಕೊಳದ ಬಳಿ ಪುಟ್ಟ ಹುಡುಗಿ ಹೂ ಕೊಡುತ್ತಾಳೆ, ಇಬ್ಬರೂ ನೀರಿಗೆ ಬಿಟ್ಟು ತೇಲಿಸುತ್ತಾರೆ. ಹೂ ಮುಗಿದಾಗ ಅವಳೂ ತೇಲುತ್ತಾಳೆಂದುಕೊಂಡು ಅವಳನ್ನೇ ನೀರಿಗೆಸೆಯುತ್ತಾನೆ. ಎಷ್ಟೋ ವರ್ಷ ಈ ಭಾಗವನ್ನು ಕತ್ತರಿಸಿಯೇ ತೋರಿಸುತ್ತಿದ್ದರು; 1980ರ ದಶಕದಲ್ಲಿ ಮತ್ತೆ ಸೇರಿಸಿದರು. ಅಲ್ಲಿಯವರೆಗೆ ನೋಡಿದವರಿಗೆ ಸಿಕ್ಕಿದ್ದು ನಗುತ್ತಿದ್ದ ಮಗು, ಆಮೇಲೆ ಅಪ್ಪನ ತೋಳಲ್ಲಿ ಹೆಣ. ನಡುವೆ ಏನಾಯಿತೆಂದು ಅವರು ಊಹಿಸಿಕೊಂಡದ್ದು ನಡೆದದ್ದಕ್ಕಿಂತ ಹೀನವಾಗಿರಲೂಬಹುದು.

ನನ್ನ ತಕರಾರು ಬೇರೆ. ಈ ಚಿತ್ರದಲ್ಲಿ ಅವನ ತಲೆಗೆ ಕೂರಿಸುವುದು ಪಾತಕಿಯೊಬ್ಬನ ಮಿದುಳು. ಇದು ಮೇರಿಯ ಪುಸ್ತಕದಲ್ಲಿಲ್ಲ. ಈ ಒಂದು ಸೇರ್ಪಡೆಯಿಂದ ಅವಳ ಮಾತೇ ತಿರುಗುಮುರುಗಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವಲ್ಲ, ಸಿನಿಮಾ ಹೇಳುವುದೂ ಅದನ್ನೇ. ಮೇರಿ ಕೇಳಿದ್ದು, ಹುಟ್ಟಿಸಿದವನು ಎತ್ತಿಕೊಂಡನೇ ಎಂದು. ದೋಷ ಮಿದುಳಿನದೆಂದಾದರೆ ಹುಟ್ಟಿಸಿ ಓಡಿದವನು ಪಾರಾದ ಹಾಗೆಯೇ. ಮಗು ಹಾದಿ ತಪ್ಪಿದರೆ ‘ತಾಯಿ ಬೆಳೆಸಿದ್ದು ಹಾಗೆ’ ಎಂಬ ಮಾತು ಕೇಳುವ ನಮಗೆ, ತಪ್ಪಿಸಿಕೊಂಡ ತಂದೆಯನ್ನು ನಿಲ್ಲಿಸಿ ಕೇಳುವ ಪುಸ್ತಕವೊಂದು ಇದೆ ಎಂಬುದೇ ತಿಳಿಯದೆ ಹೋಗಿದೆ.

2025ರಲ್ಲಿ ಗಿಯೆರ್ಮೊ ಡೆಲ್ ಟೊರೊ ತೆಗೆದ ಚಿತ್ರದಲ್ಲಿ ಅವನಿಗೆ ಮತ್ತೆ ಮಾತು ಬಂದಿದೆ, ಸಂತೋಷ. ಆದರೂ ಮೊದಲು 1931ರದನ್ನೇ ಮಕ್ಕಳ ಜೊತೆ ಕೂತು ನೋಡಿ, ಒಂದು ಗಂಟೆ ಚಿಲ್ಲರೆ ಅಷ್ಟೇ. ಆಮೇಲೆ ಕೇಳಿ: ಇದರಲ್ಲಿ ಹೆದರಬೇಕಾದದ್ದು ಯಾರಿಗೆ?